ಮೂರೆಕರೆ ಹದಿನಾಲ್ಕು ಗುಂಟೆ, ಶನಿವಾರದ ನೀರು

ಹೋದ ವಾರ ಅಕ್ಕನ ಮಗ ಡೆನ್ವರ್‌ನಿಂದ ವಾಟ್ಸಾಪಲ್ಲಿ ಒಂದು ಲಿಂಕ್ ಕಳಿಸಿದ್ದ. ಕೊಲರಾಡೊದಲ್ಲಿ ಯಾವುದೋ ಬೆಟ್ಟದ ಊರಿನ ಪಕ್ಕ ಒಂದು ಸಣ್ಣ ರ‍್ಯಾಂಚ್ ಮಾರಾಟಕ್ಕಿದೆಯಂತೆ, 35 ಎಕರೆ, ನೀರಾವರಿ ಇದೆ, ಹುಲ್ಲುಗಾವಲು, ಹಿಂದುಗಡೆ ಹಿಮ ಹೊದ್ಕೊಂಡಿರೋ ಬೆಟ್ಟ, ಒಂದು ಕೆಂಪು ಕೊಟ್ಟಿಗೆ. ಕೆಳಗೆ ಬರ್ದಿದ್ದ, "ಮಾವ, ನಮ್ ತೋಟ ನೆನಪಾಯ್ತು ನೋಡಿ". 35 ಎಕರೆನ ಸಣ್ಣದು ಅಂತಾರಲ್ಲಪ್ಪ ಅಂತ ನಗು ಬಂತು. ನಮ್ದು ಮೂರೆಕರೆ ಹದಿನಾಲ್ಕು ಗುಂಟೆ, ಅದ್ರಲ್ಲೂ ಎರಡು ಗುಂಟೆ ಖರಾಬು, ಸಾಗುವಳಿಗೆ ಬರಲ್ಲ.

ಆದ್ರೂ ಫೋಟೋ ನೋಡ್ತಾ ನೋಡ್ತಾ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ ಅನ್ನಿಸ್ತು. ಹಿಮ ತೆಗ್ದು ಆ ಜಾಗದಲ್ಲಿ ಮೋಡ ಇಟ್ರೆ ನಮ್ಮದೇ ಹಿತ್ತಲು.

ನಮ್ಮ ಜಾಗ ಚಿಕ್ಕಮಗಳೂರಿಂದ ಕಡೂರು ರೋಡಲ್ಲಿ ಹೋಗಿ ಸಖರಾಯಪಟ್ಟಣ ಸಿಗೋಕ್ ಮುಂಚೆ ಎಡಕ್ಕೆ ತಿರುಗಿದ್ರೆ ಸಿಗುತ್ತೆ. ಊರ ಹೆಸರು ಹಾಕಲ್ಲ, ಹಾಕಿದ್ರೆ ನಾಳೆ ಬೆಳಿಗ್ಗೆ ಮೂರು ಜನ ಬ್ರೋಕರ್ ಫೋನ್ ಮಾಡ್ತಾರೆ. ಇದು ಪೂರ್ತಿ ಮಲೆನಾಡೂ ಅಲ್ಲ ಬಯಲುಸೀಮೆನೂ ಅಲ್ಲ, ಅರೆಮಲೆನಾಡು ಅಂತಾರಲ್ಲ ಆ ಪಟ್ಟಿ. ಪಶ್ಚಿಮಕ್ಕೆ ಮುಖ ಮಾಡಿ ನಿಂತ್ರೆ ಗಿರಿ ಸಾಲು ಗೋಡೆ ಕಟ್ಟಿದಂಗೆ ಕಾಣುತ್ತೆ. ಜೂನ್ ಬಂತು ಅಂದ್ರೆ ಅದರ ತಲೆ ಮೇಲೆ ಮೋಡ ಕೂತ್ಕೊಂಡು ವಾರಗಟ್ಟಲೆ ಏಳಲ್ಲ, ಅಲ್ಲಿ ಮಳೆ ಹೊಡೀತಾನೇ ಇರುತ್ತೆ, ನಮ್ಮ ಅಂಗಳದಲ್ಲಿ ಬರೀ ಗಾಳಿ, ಆಗೊಂದು ಈಗೊಂದು ಹನಿ. ಅಮ್ಮ ಆ ಗಾಳಿಲೇ ಸಂಡಿಗೆ ಒಣಗಿಸಿರೋದುಂಟು. ಇನ್ನೂ ಪೂರ್ವಕ್ಕೆ ಕಡೂರು ಕಡೆ ಹೋದ್ರೆ ಅಷ್ಟೂ ಇಲ್ಲ. ಹಂಗಾಗಿ ನಮಗೆ ಮಳೆ ಆಕಾಶದಿಂದ ಬೀಳೋದಕ್ಕಿಂತ ಹಳ್ಳದಲ್ಲಿ ನಡ್ಕೊಂಡು ಬರೋದೇ ಜಾಸ್ತಿ.

ಆ ನಡ್ಕೊಂಡು ಬರೋ ನೀರನ್ನ ಹಿಡಿಯೋಕೆ ಅಂತಾನೇ ನಮ್ಮ ಕಡೆ ಹಿಂದಿನೋರು ಕೆರೆ ಮೇಲೆ ಕೆರೆ ಕಟ್ಟಿದ್ದು. ದೊಡ್ಡದು ಅಯ್ಯನಕೆರೆ, ಸಖರಾಯಪಟ್ಟಣದ ರುಕ್ಮಾಂಗದ ರಾಯ ಕಟ್ಟಿಸಿದ್ದು ಅಂತ ಹೇಳ್ತಾರೆ, ದಂಡೆಲಿ ಬಲ್ಲಾಳೇಶ್ವರ ದೇವಸ್ಥಾನ, ಪಕ್ಕದಲ್ಲೇ ಶಕುನಗಿರಿ. ಕೆರೆ ತುಂಬಿ ಕೋಡಿ ಬಿದ್ದ ವರ್ಷ ಜಾತ್ರೆ ತರ ಜನ. ಅದಕ್ಕೆ ಒಂದು ಕಥೆ ಇದೆ, ಚಿಕ್ಕವರಿದ್ದಾಗ ಅಜ್ಜ ಹೇಳ್ತಿದ್ರು: ಕೆರೆ ಕಾಯೋನಿಗೆ ಒಂದು ರಾತ್ರಿ ಗಂಗಮ್ಮ ಕಾಣಿಸ್ಕೊಂಡು ನಾನು ಏರಿ ಒಡ್ಕೊಂಡು ಹೋಗ್ತೀನಿ ಅಂದ್ಲಂತೆ, ಇವನು ತಾಯಿ ನಾನು ದೊರೆಗೆ ಹೇಳಿ ವಾಪಸ್ ಬರೋವರ್ಗೂ ಇರು ಅಂತ ಭಾಷೆ ತಗೊಂಡು ಓಡಿದನಂತೆ, ವಿಷಯ ಕೇಳಿದ ದೊರೆ ಇವನು ವಾಪಸ್ ಹೋದ್ರೆ ತಾನೇ ಅವಳು ಹೋಗೋದು ಅಂತ ಅವನನ್ನೇ ತೆಗೆಸ್ಬಿಟ್ಟನಂತೆ. ಗಂಗಮ್ಮ ಇವತ್ತಿಗೂ ಕಾಯ್ತಾ ಇದ್ದಾಳೆ. ಇದೇ ಕಥೆನ ಬೇರೆ ಬೇರೆ ಕೆರೆಗಳಿಗೂ ಹೇಳ್ತಾರೆ. ನಂಗೆ ಮಾತ್ರ ಚಿಕ್ಕವನಿದ್ದಾಗಿಂದ್ಲೂ ಒಂದೇ ಸಂಕಟ, ನೀರು ಉಳ್ಸಕ್ಕೆ ಹೋದೋನೇ ಯಾಕೆ ಸಾಯ್ಬೇಕಿತ್ತು ಅಂತ.

ನಮ್ಮೂರ ಕೆರೆಗೆ ಇಂಥಾ ಕಥೆ ಏನೂ ಇಲ್ಲ. ಸಣ್ಣ ಕೆರೆ, ಒಂದು ಏರಿ, ನೀರು ಬಿಡೋಕೆ ಒಂದು ತೂಬು, ಒಂದು ಕಾಲುವೆ, ಕೆಳಗೆ ಅಚ್ಚುಕಟ್ಟು. ಈ ಪದ ನಂಗೆ ಬಹಳ ಇಷ್ಟ. ಕೆರೆ ನೀರು ಹರಿಯೋ ಜಮೀನಿಗೂ ಅಚ್ಚುಕಟ್ಟು ಅಂತೀವಿ, ನೀಟಾಗಿ ಇಟ್ಕೊಂಡಿರೋದಕ್ಕೂ ಅಚ್ಚುಕಟ್ಟು ಅಂತೀವಿ. ನಮ್ಮೂರಲ್ಲಿ ಮೊದಲನೇದು ಇದೆ, ಎರಡನೇದು ಯಾವತ್ತೂ ಇರ್ಲಿಲ್ಲ.

ಮೂರೆಕರೆ ಹದಿನಾಲ್ಕು ಗುಂಟೆಲಿ ಒಂದೂವರೆ ಎಕರೆ ಅಡಿಕೆ, ಮುಕ್ಕಾಲು ಎಕರೆ ಗದ್ದೆ, ಉಳಿದದ್ದು ತೆಂಗು, ಮನೆ, ಕೊಟ್ಟಿಗೆ, ಕಣ, ಆರು ಗುಂಟೆ ಸೀಮೆಹುಲ್ಲು. ದನ ಅಂದ್ರೆ ಈಗ ಎರಡೇ, ಒಂದು ಎಚ್‌ಎಫ್ ಕ್ರಾಸ್, ಒಂದು ಮಲೆನಾಡು ಗಿಡ್ಡ. ಗಿಡ್ಡ ಬೇಲಿ ಹಾರೋದ್ರಲ್ಲಿ ಎಕ್ಸ್‌ಪರ್ಟ್. ನಾನು ಇರೋದು ಚಿಕ್ಕಮಗಳೂರು ಟೌನಲ್ಲಿ, ಪ್ರಿಂಟಿಂಗ್ ಅಂಗಡಿ ಇದೆ, ಮದುವೆ ಕಾರ್ಡು, ಬಿಲ್ ಬುಕ್ಕು ಅಂತ ಹೆಂಗೋ ನಡೀತಿದೆ. ಅಮ್ಮ ಊರು ಬಿಟ್ಟು ಬರಲ್ಲ. ವಾರಕ್ಕೆ ಎರಡು ಸಲ ಹೋಗ್ತೀನಿ, ಶನಿವಾರ ಅಂತೂ ಖಾಯಂ, ಯಾಕಂದ್ರೆ ಶನಿವಾರ ನಮ್ಮ ನೀರು, ಕೆರೆ ಕಾಲುವೆ ಪಾಳಿ ಅವತ್ತು ನಮ್ದು.

ಅಮ್ಮಂಗೆ ಲಿಂಕ್ ತೋರಿಸ್ದೆ. ರ‍್ಯಾಂಚ್ ಅಂದ್ರೆ ಏನೋ ಅಂದ್ರು. ನಮ್ ಕಾವಲು ಇದ್ದಂಗೆ ಅಮ್ಮ, ದನ ಮೇಯಿಸೋ ಜಾಗ ಅಂದೆ. ಕಾವಲು ಅಂದ್ರೆ ನಮ್ಮ ಕಡೂರು ಬೀರೂರು ಕಡೆಯೋರಿಗೆ ಬಿಡಿಸಿ ಹೇಳ್ಬೇಕಿಲ್ಲ, ಅಮೃತ್ ಮಹಲ್ ಕಾವಲು ಎಲ್ಲರೂ ನೋಡಿರ್ತಾರೆ. ಮೈಸೂರು ಅರಸರು ಬೆಣ್ಣೆ ಚಾವಡಿ ಅಂತ ಇಟ್ಕೊಂಡಿದ್ದ ದನದ ಇಲಾಖೆಗೆ ಟಿಪ್ಪು ಅಮೃತ್ ಮಹಲ್ ಅಂತ ಹೆಸರಿಟ್ಟಿದ್ದು, ಅಜ್ಜಂಪುರದಲ್ಲಿ ತಳಿ ಕೇಂದ್ರ ಈಗಲೂ ಇದೆ. ಆದ್ರೆ ಕಾವಲಲ್ಲಿ ಮಳೆ ಬಂದ್ರೆ ಹುಲ್ಲು, ಇಲ್ಲದಿದ್ರೆ ಇಲ್ಲ. ಕೊಲರಾಡೊದಲ್ಲಿ ಹುಲ್ಲಿಗೇ ನೀರು ಹಾಯಿಸ್ತಾರೆ, ಕೊಯ್ದು ಒಣಗಿಸಿ ಕಟ್ಟಿಡ್ತಾರೆ, ಚಳಿಗಾಲ ಪೂರ್ತಿ ಹಿಮ ಬಿದ್ದಾಗ ಅದನ್ನೇ ಹಾಕ್ತಾರೆ ಅಂತ ಹೇಳ್ದೆ. "ಓ, ಬಣವೆ" ಅಂದ್ರು ಅಮ್ಮ. ಅಷ್ಟೇ. ಮುಗೀತು. ಕೊಲರಾಡೊ ಅರ್ಥ ಆಗ್ಬಿಡ್ತು ಅವರಿಗೆ.

ಅರ್ಥ ಆಗ್ದೆ ಇದ್ದಿದ್ದು ನಂಗೆ, ನೀರಿನ ವಿಷಯ. ಆ ಜಾಹೀರಾತಲ್ಲಿ ಜಮೀನಿಗೆ ಒಂದು ಲೆಕ್ಕ, ನೀರಿಗೆ ಬೇರೆನೇ ಲೆಕ್ಕ ಹಾಕಿದ್ರು. ಇದೇನೋ ಅಂತ ಕೇಳ್ದೆ, ಹುಡುಗ ರಾತ್ರಿ ಕೂತ್ಕೊಂಡು ಉದ್ದಕ್ಕೆ ವಾಯ್ಸ್ ಮೆಸೇಜ್ ಹಾಕಿದ. ಅಲ್ಲಿ ನೀರಿನ ಹಕ್ಕು ಜಮೀನಿಂದ ಬೇರೆ ಆಸ್ತಿ, ಜಮೀನು ಇಟ್ಕೊಂಡು ನೀರು ಮಾತ್ರ ಮಾರಬಹುದು, ನೀರು ಇಟ್ಕೊಂಡು ಜಮೀನು ಮಾರಬಹುದು. ಪ್ರತಿ ಹಕ್ಕಿಗೂ ಒಂದು ತಾರೀಕು ಇರುತ್ತೆ, ಮೊದಲು ಯಾರು ಹೊಳೆಯಿಂದ ಕಾಲುವೆ ತೆಗೆದ್ರೋ ಅವರಿಗೆ ಮೊದಲು ನೀರು, ಬರಗಾಲ ಬಂದ್ರೆ ಹಳೇ ತಾರೀಕಿನೋರಿಗೆ ಪೂರ್ತಿ ಸಿಕ್ಕಿದ್ಮೇಲೇ ಹೊಸಬರಿಗೆ. 1876ರಲ್ಲಿ ಆ ರಾಜ್ಯ ಆದಾಗ ಸಂವಿಧಾನದಲ್ಲೇ ಇದನ್ನ ಬರ್ಕೊಂಡಿದಾರೆ. ನೀವು ಕಾಲುವೆ ತಲೆಲಿ ಇದೀರೋ ಬಾಲದಲ್ಲಿ ಇದೀರೋ ಅನ್ನೋದು ಲೆಕ್ಕಕ್ಕಿಲ್ಲ, ತಾರೀಕೇ ಮುಖ್ಯ. ಅಳೆಯೋದು ಎಕರೆ-ಅಡಿಲಿ, ಒಂದೆಕರೆ ಮೇಲೆ ಒಂದಡಿ ನೀರು ನಿಂತ್ರೆ ಎಷ್ಟೋ ಅಷ್ಟು, ನಮ್ಮ ಲೆಕ್ಕಕ್ಕೆ 12 ಲಕ್ಷ ಲೀಟರ್ ಚಿಲ್ರೆ.

ಇನ್ನೊಂದು ಮಜಾ ಕೇಳಿ. ಅಲ್ಲಿ ಮನೆ ಸೂರಿಂದ ಬೀಳೋ ಮಳೆ ನೀರನ್ನ ಪೀಪಾಯಿಲಿ ಹಿಡಿಯೋಕೂ 2016ರವರೆಗೆ ಹೆಚ್ಚಿನ ಮನೆಗಳಿಗೆ ಪರ್ಮಿಷನ್ ಇರ್ಲಿಲ್ಲವಂತೆ, ಕೆಳಗಡೆ ಯಾರೋ ಹಕ್ಕುದಾರನ ನೀರು ಅದು ಅಂತ. ಆಮೇಲೆ ಕಾನೂನು ಮಾಡಿ ಬಿಟ್ಟಿದ್ದೂ ಎರಡು ಪೀಪಾಯಿ, ಒಟ್ಟು 110 ಗ್ಯಾಲನ್, ಹತ್ರತ್ರ 400 ಲೀಟರ್. ಇದನ್ನ ಅಮ್ಮಂಗೆ ಹೇಳಿದ್ದೇ ತಪ್ಪಾಯ್ತು. ನಮ್ಮ ಮನೇಲಿ ಮುಂಗಾರು ಶುರುವಾದ್ರೆ ಸೂರಿನ ಕೆಳಗೆ ಹಂಡೆ, ಕೊಪ್ಪರಿಗೆ, ಬಕೆಟ್ಟು, ಒಡೆದ ಬೇಸಿನ್ನು, ಕೊನೆಗೆ ಇಡ್ಲಿ ಪಾತ್ರೆನೂ ಸಾಲಾಗಿ ನಿಂತಿರುತ್ತೆ. "ಹಂಗಾದ್ರೆ ನನ್ನನ್ನ ಜೈಲಿಗೆ ಹಾಕ್ತಿದ್ರಾ?" ಅಂತ ಎರಡು ದಿನ ಬಂದೋರಿಗೆಲ್ಲ ಹೇಳ್ಕೊಂಡು ನಕ್ಕಿದ್ದೇ ನಕ್ಕಿದ್ದು.

ನಕ್ರೂ ನಂಗೆ ತಲೆಲಿ ಕೊರೀತಾ ಇತ್ತು, ಶನಿವಾರ ನಮ್ಮ ನೀರು ಅಂತೀವಲ್ಲ, ಅದು ಎಲ್ಲಿ ಬರ್ದಿದೆ ಅಂತ. ಟ್ರಂಕ್ ತೆಗ್ದು ನೋಡ್ದೆ. ಪಹಣಿಲಿ ಜಮೀನು ಒಂದು ಭಾಗ ತರಿ (ಗದ್ದೆ), ಒಂದು ಭಾಗ ಬಾಗಾಯ್ತು (ತೋಟ), ಸ್ವಲ್ಪ ಖುಷ್ಕಿ (ಮಳೆ ನಂಬಿದ್ದು) ಅಂತಿದೆ. ನೀರಾವರಿ ಮೂಲ ಕೆರೆ ಅಂತಿದೆ. ಕೆರೆ ಒಣಗಿ ಕ್ರಿಕೆಟ್ ಆಡ್ತಿದ್ದ ವರ್ಷಾನೂ ಪಹಣಿಲಿ ಕೆರೆ ಅಂತಾನೇ ಇತ್ತು. ಅಪ್ಪ, ಚಿಕ್ಕಪ್ಪ ಪಾಲಾದಾಗಿನ ಪಾಲುಪಟ್ಟಿ ಓದ್ದೆ. ಯಾವ ತೆಂಗಿನ ಮರ ಯಾರಿಗೆ, ಬಾವಿ ಏತದ ಕಲ್ಲು ಯಾರಿಗೆ, ಹಿತ್ತಾಳೆ ಕೊಳಗ ಯಾರಿಗೆ ಅಂತೆಲ್ಲ ಬಿಡಿಬಿಡಿಯಾಗಿ ಬರ್ದು, ನೀರಿನ ವಿಷಯಕ್ಕೆ ಬಂದಾಗ ಒಂದೇ ಸಾಲು: "ಕೆರೆ ನೀರಿನ ಹಕ್ಕು ರೂಢಿಯಂತೆ".

ರೂಢಿಯಂತೆ! ಅವರ ಹತ್ರ ತಾರೀಕಿದೆ, ನಮ್ಮ ಹತ್ರ ರೂಢಿ ಇದೆ. ಆ ರೂಢಿ ಇರೋದು ಪೂರ್ತಿ ಕೆರೆ ನೀರು ಹಂಚೋ ನೀರುಗಂಟಿ ತಾತನ ತಲೆಲಿ, ತಾತಂಗೆ ಈಗ ಎಂಬತ್ತರ ಹತ್ರ. ಸೋಮವಾರ ಯಾರಿಗೆ, ಅಮಾವಾಸ್ಯೆ ದಿನ ತಪ್ಪಿದ್ರೆ ಆ ಪಾಳಿ ಎಲ್ಲಿಗೆ ಸೇರುತ್ತೆ, ಪಾಲಾದ ಮನೆಗಳಿಗೆ ಎಷ್ಟೆಷ್ಟು ಗಂಟೆ, ಎಲ್ಲ ಬಾಯಲ್ಲೇ. ನಮಗೆ ಶನಿವಾರ ರಾತ್ರಿ ಹತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ. ಮುಂಚೆ ಅವರಿಗೆ ವರ್ಷಕ್ಕೆ ಇಷ್ಟು ಭತ್ತ ಅಂತ ಮನೆಮನೆಯಿಂದ ಹೋಗ್ತಿತ್ತು, ಈಗ ದುಡ್ಡು ಕೊಡ್ತೀವಿ, ಕೆಲವರು ಕೊಡಲ್ಲ. ತಾತನ ಮಾತು ಒಂದಿದೆ, ಯಾರಾದ್ರೂ ನಮಗೆ ನೀರು ಬರ್ಲಿಲ್ಲ ಅಂತ ಜಗಳಕ್ಕೆ ಹೋದ್ರೆ ಹೇಳೋದು: "ನೀರು ಅಂದ್ರೆ ನೆಂಟ್ರು ಇದ್ದಂಗೆ ಕಣಪ್ಪ, ದಾರಿಲಿ ಯಾರ ಮನೆ ಬಾಗ್ಲು ತೆಗ್ದಿದ್ರೂ ಒಳಕ್ಕೋಯ್ತದೆ. ನೀನು ಮನೇಲಿ ಕುಂತ್ಕಂಡು ಬರ್ಲಿಲ್ಲ ಅಂದ್ರೆ ಹೆಂಗೆ? ದಾರಿಗೋಗಿ ಕರ್ಕಂಬರ್ಬೇಕು."

ಈ ಕರ್ಕೊಂಡು ಬರೋದಿದೆಯಲ್ಲ, ಅದೇ ನಮ್ಮ ನೀರಾವರಿ. ಶನಿವಾರ ರಾತ್ರಿ ಊಟ ಮಾಡಿ ಗಂಬೂಟ್ ಹಾಕ್ಕೊಂಡು ತಲೆಗೆ ಟಾರ್ಚ್ ಕಟ್ಕೊಂಡು ಸನಿಕೆ ಹಿಡ್ಕೊಂಡು ಕಾಲುವೆ ಮೇಲುಗಡೆಯಿಂದ ನಡೀತಾ ಬರ್ಬೇಕು. ಪ್ರತಿ ತೋಟದ ಮಡೆ, ಅಂದ್ರೆ ನೀರು ಒಳಕ್ಕೆ ತಿರುಗೋ ಬಾಯಿ, ಮುಚ್ಚಿದೆಯಾ ಅಂತ ಕಾಲಲ್ಲಿ ಒತ್ತಿ ನೋಡ್ಬೇಕು. ಕಣ್ಣಿಗೆ ಮುಚ್ಚಿದಂಗೆ ಕಾಣ್ತಿರುತ್ತೆ, ಕೆಳಗೆ ಗೋಣಿಚೀಲದ ಸಂದಿಲಿ ಸದ್ದಿಲ್ದೆ ಹೋಗ್ತಿರುತ್ತೆ. ಏಡಿ ಬಿಲ ಅಂತೂ ಇನ್ನೊಂದು ಕಥೆ. ಹೋದ ತಿಂಗಳು ಕಾಲುವೆ ತಲೆಲಿ ಅಂಗೈ ಅಗಲ ನೀರು ಜಾಸ್ತಿ ಇತ್ತು, ನಮ್ಮ ಗದ್ದೆ ಬಾಯಿಗೆ ಬಂದಾಗ ಬೆರಳು ಮುಳುಗಲ್ಲ. ಎಲ್ಲಾ ಮಡೆನೂ ಮುಚ್ಚಿದೆ, ಯಾರೂ ಕದ್ದಿಲ್ಲ. ಟಾರ್ಚ್ ಆರಿಸಿ ಕೂತ್ಕೊಂಡೆ, ಹಂಗೆ ಮಾಡ್ಬೇಕು, ಬೆಳಕಿದ್ರೆ ಕಿವಿ ಕೇಳಲ್ಲ. ಎರಡು ನಿಮಿಷ ಆದ್ಮೇಲೆ ಗೊಳಗೊಳ ಅಂತ ಬಾಟ್ಲಿಗೆ ನೀರು ತುಂಬೋ ತರ ಸದ್ದು, ಬದುವಿನ ಒಳಗಿಂದ. ಕೈ ಹಾಕಿದ್ರೆ ಮೊಣಕೈವರೆಗೂ ಹೋಯ್ತು, ಒಳಗೆ ತಣ್ಣಗೆ ನೀರು ಎಳ್ಕೊಳ್ತಾ ಇದೆ. ಹುಲ್ಲಿನ ಕಟ್ಟಿಗೆ ಕೆಸರು ಮೆತ್ತಿ ತುರುಕಿ ತುಳಿದ್ಮೇಲೆ ನಿಂತಿದ್ದು. ಅಷ್ಟು ಹೊತ್ತಿಗೆ ನಮ್ಮ ಆರು ಗಂಟೆಲಿ ಎರಡು ಗಂಟೆ ಏಡಿ ಪಾಲಾಗಿತ್ತು. ಅದಕ್ಕೂ ರೂಢಿ ಇರಬೇಕು.

ಏಡಿಗಿಂತ ದೊಡ್ಡ ತಲೆನೋವು ಮೇಲಿನ ತೋಟದೋರ ಜೊತೆ ಆಗಿದ್ದು. ಕಾಲುವೆ ಹೋಗೋ ಜಾಗ ಬಿ ಖರಾಬು, ಅಂದ್ರೆ ಯಾರದೂ ಅಲ್ಲ ಎಲ್ಲರದೂ. ಅವರು ಹೊಸದಾಗಿ ಅಡಿಕೆ ಹಾಕುವಾಗ ಕಾಲುವೆನ ಮಣ್ಣು ತುಂಬಿ ಸಮ ಮಾಡಿ ಅದರ ಮೇಲೂ ಒಂದು ಸಾಲು ಗಿಡ ಹಾಕ್ಬಿಟ್ರು, ಬದಲಿಗೆ ಮೂರಿಂಚು ಪೈಪ್ ಹಾಕಿದೀನಲ್ಲ ಅಂದ್ರು. ಎರಡಡಿ ಅಗಲದ ಕಾಲುವೆ ಎಲ್ಲಿ, ಮೂರಿಂಚು ಪೈಪ್ ಎಲ್ಲಿ? ಅರ್ಜಿ ಕೊಟ್ವಿ, ಸರ್ವೆ ಆಯ್ತು, ಕಲ್ಲು ಹಾಕಿದ್ರು, ಕಲ್ಲು ಕಿತ್ತಾಕಿದ್ರು, ಮಾತು ಬಿಟ್ವಿ. ಎರಡು ವರ್ಷ ಹಂಗೇ. ಕೊನೆಗೆ ಅವರ ಮನೇಲಿ ಮದುವೆ ಬಂತು, ಕಾರ್ಡ್ ಪ್ರಿಂಟ್ ಮಾಡ್ಸಿದ್ದು ಬೇರೆ ಅಂಗಡಿಲಿ (ಇದು ನಂಗೆ ಕಾಲುವೆಗಿಂತ ಜಾಸ್ತಿ ಬೇಜಾರಾಗಿತ್ತು), ಆದ್ರೂ ಕರೆಯೋಕೆ ಗಂಡ ಹೆಂಡ್ತಿ ಮನೆಗೆ ಬಂದ್ರು. ಅಮ್ಮ ಕಾಫಿ ಕೊಟ್ಟು ಕುಂಕುಮ ಕೊಟ್ಟು, "ಖಂಡಿತ ಬರ್ತೀವಮ್ಮ, ಮುಯ್ಯಿ ನಾವು ಮಾಡ್ತೀವಿ, ನೀವು ನಮ್ ಕಾಲುವೆ ಬಿಟ್ಕೊಡಿ ಸಾಕು" ಅಂದ್ರು. ನಾನು ಒಳಗೆ ಬೆವರ್ತಾ ಇದ್ದೆ. ಮದುವೆ ಆದ ವಾರಕ್ಕೆ ಒಂದು ಸಾಲು ಗಿಡ ಎದ್ದು ಪಕ್ಕಕ್ಕೋಯ್ತು, ಕಾಲುವೆ ಬಾಯಿ ಬಿಡ್ತು. ಸರ್ವೆ ನಕಾಶೆ ಟ್ರಂಕಲ್ಲೇ ಇದೆ.

ಕೆರೆ ನೀರು ಗದ್ದೆಗೆ. ಅಡಿಕೆಗೆ ಬೋರೇ ಗತಿ. ಒಂಬತ್ತಡಿಗೊಂದು ಗಿಡ ಅಂದ್ರೆ ಎಕರೆಗೆ 530ರ ಮೇಲೆ ಕೂರುತ್ತೆ, ನಮ್ಮ ಒಂದೂವರೆ ಎಕರೆಗೆ 800. ಬೇಸಿಗೇಲಿ ಡ್ರಿಪ್ಪಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು ಅಂತಾರೆ, ಮಧ್ಯ ಹಿಡಿದು 18 ಅಂದ್ರೂ ದಿನಕ್ಕೆ 14,400 ಲೀಟರ್. ಫೆಬ್ರವರಿಯಿಂದ ಮೇವರೆಗೆ ನಾಲ್ಕು ತಿಂಗಳಿಗೆ 17 ಲಕ್ಷ ಲೀಟರ್, ಹುಡುಗನ ಭಾಷೆಲಿ ಒಂದೂವರೆ ಎಕರೆ-ಅಡಿ ಹತ್ರ. ಇದನ್ನೆಲ್ಲ ನೆಲದೊಳಗಿಂದ ಎತ್ಬೇಕು. 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಫ್ರೀ, ಹಂಗಾಗಿ ಎತ್ತೋಕೆ ಖರ್ಚಿಲ್ಲ. ಖರ್ಚಿಲ್ಲ ಅಂತಾನೇ ಎಲ್ಲರೂ ಎತ್ತಿದ್ದು.

2023ರಲ್ಲಿ ಮಳೆ ಕೈಕೊಡ್ತಲ್ಲ, ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತಲ್ಲ, ಅದರ ಮುಂದಿನ ಏಪ್ರಿಲ್‌ನಲ್ಲಿ ನಮ್ಮ ಬೋರು ಕೆಮ್ಮೋಕೆ ಶುರು ಮಾಡ್ತು. ಹತ್ತು ನಿಮಿಷ ನೀರು, ಐದು ನಿಮಿಷ ಗಾಳಿ. ನೆಲದಲ್ಲಿ ನೀರಿನ ಪಾಯಿಂಟ್ ನೋಡೋರನ್ನ ಕರೆಸಿದ್ವಿ, ಅಂಗೈ ಮೇಲೆ ತೆಂಗಿನಕಾಯಿ ಇಟ್ಕೊಂಡು ನಡೆದ್ರು, ಕೊಟ್ಟಿಗೆ ಹಿಂದೆ ಕಾಯಿ ನೆಟ್ಟಗೆ ನಿಂತ್ತು. ಅಲ್ಲಿ ಹೊಡೆಸಿದ್ರೆ 600 ಅಡಿವರೆಗೂ ಬರೀ ಧೂಳು. ಬೋರ್ ಲಾರಿ ಧೂಳು ನೋಡಿದೀರಲ್ಲ, ಬಿಳಿ ಹಿಟ್ಟಿನಂಗೆ, ಎಮ್ಮೆ ಮೇಲೆ ಬಿದ್ರೂ ಎಮ್ಮೆ ಬೆಳ್ಳಗಾಗುತ್ತೆ. ಅಮ್ಮ ಅಡಿಕೆ ಎಲೆ ಮೇಲಿನ ಧೂಳು ನೋಡ್ತಾ ಒಂದು ಮಾತೂ ಆಡ್ಲಿಲ್ಲ. ಎರಡನೇದು ಹಳ್ಳದ ಪಕ್ಕ ಹೊಡೆಸಿದ್ದು, ತೆಂಗಿನಕಾಯಿ ಗಿಂಗಿನಕಾಯಿ ಏನೂ ಇಲ್ದೆ, ನೀರುಗಂಟಿ ತಾತ ಇಲ್ಲಿ ಹೊಂಗೆ ಮರ ಯಾವತ್ತೂ ಬಾಡಿಲ್ಲ ನೋಡಪ್ಪ ಅಂದಿದ್ದಕ್ಕೆ. 340 ಅಡಿಗೆ ಒಂದೂವರೆ ಇಂಚು ಬಂತು. ಆದ್ರೆ ಅದು ಬಂದ ತಿಂಗಳಿಗೆ ಕೆಳಗಿನ ಮನೆಯೋರ ಬಾವಿಲಿ ನೀರು ಎರಡಾಳು ಇಳೀತು. ಅವರು ಬಾಯಿಬಿಟ್ಟು ಏನೂ ಅಂದಿಲ್ಲ. ನಾನೂ ಕೇಳಿಲ್ಲ. ಕೊಲರಾಡೊ ಆಗಿದ್ರೆ ಅವರ ಬಾವಿ ತಾರೀಕು ನಮ್ಮ ಬೋರಿಗಿಂತ ಎಷ್ಟು ಹಳೇದು ಅಂತ ಯಾರಾದ್ರೂ ತೆಗೆದು ನೋಡ್ತಿದ್ರೇನೋ. ಈಗ ಬೇಸಿಗೇಲಿ ಅವರ ಮನೆ ಸಿಂಟೆಕ್ಸ್‌ಗೆ ನಮ್ಮ ಪೈಪಿಂದ ಒಂದು ಕನೆಕ್ಷನ್ ಕೊಟ್ಟಿದೀವಿ.

2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದ್ಮೇಲೆ ರೈತರಲ್ದೋರೂ ಜಮೀನು ತಗೋಬಹುದು ಅಂತಾಯ್ತಲ್ಲ, ಅವತ್ತಿಂದ ಶನಿವಾರ ಭಾನುವಾರ ನಮ್ಮ ರೋಡಲ್ಲಿ ಕಾರು ಜಾಸ್ತಿ. ಬೆಂಗಳೂರಿಂದ ಬರ್ತಾರೆ, ಒಳ್ಳೇ ಜನಾನೇ, ಕೇಳೋ ಪ್ರಶ್ನೆ ಮಾತ್ರ ಮೂರೇ. ವ್ಯೂ ಇದೆಯಾ, ಬೋರು ಎಷ್ಟಿಂಚು, ನೆಟ್‌ವರ್ಕ್ ಸಿಗುತ್ತಾ. ಬರೋದು ಸೆಪ್ಟೆಂಬರ್ ಅಕ್ಟೋಬರಲ್ಲಿ, ಹಳ್ಳ ತುಂಬಿರುತ್ತೆ, ಗಿರಿ ಹಸಿರಾಗಿರುತ್ತೆ, ಆಗ ನಮ್ಮೂರ ತಿಪ್ಪೆನೂ ರೆಸಾರ್ಟ್ ತರಾನೇ ಕಾಣುತ್ತೆ. ನಾನು ಒಬ್ಬರಿಗೆ ಏಪ್ರಿಲ್ ಕೊನೇ ವಾರ ಬನ್ನಿ, ಬಂದಾಗ ಕಾಲುವೆ ತಲೆಯಿಂದ ನಡ್ಕೊಂಡು ಬನ್ನಿ, ಮೇಲೆ ಯಾರ್ಯಾರ ತೋಟ ಇದೆ ಅವರ ಮನೇಲೊಂದು ಲೋಟ ಮಜ್ಜಿಗೆ ಕುಡೀರಿ, ಆಮೇಲೆ ಅಡ್ವಾನ್ಸ್ ಮಾತಾಡಿ ಅಂದೆ. ಬ್ರೋಕರ್ ನನ್ನ ಮುಖ ನೋಡಿದ್ದು ಈಗಲೂ ನೆನಪಿದೆ.

ಹಂಗಂತ ನಾವೇನು ನೀರಿನ ತಲೆಲಿ ಕೂತಿಲ್ಲ. ನಮ್ಮ ಕೆರೆ ಕೋಡಿ ಬಿದ್ದ ನೀರು ವೇದಾ ಹೊಳೆ ಸೇರುತ್ತೆ, ಆ ಕಡೆಯಿಂದ ಮದಗದಕೆರೆ ದಾಟಿ ಅವತಿ ಹೊಳೆ ಬರುತ್ತೆ, ಎರಡೂ ಕಡೂರು ತಾಲ್ಲೂಕಲ್ಲಿ ಸೇರಿ ವೇದಾವತಿ ಆಗಿ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತೆ. ಅದೇ ವಾಣಿವಿಲಾಸ ಸಾಗರ ಡ್ಯಾಮು. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ರೆ ಮತ್ತೆ ಬಿದ್ದಿದ್ದು 2022ರ ಸೆಪ್ಟೆಂಬರಲ್ಲಿ, ಅದೂ ಭದ್ರಾ ನೀರು ಬಂದು ಸೇರಿದ್ಮೇಲೆ. ಹಿರಿಯೂರು ಕಡೆಯ ನನ್ನ ಕಸ್ಟಮರ್ ಒಬ್ರು ಅವತ್ತು ವಿಡಿಯೋ ಕಳಿಸಿ, ನೋಡಿ ಸಾರ್ ನಿಮ್ಮೂರ ನೀರು ಅಂದ್ರು. ನಮ್ಮೂರ ಮೇಲೆ ಕೂತು ನೋಡಿದ್ರೆ ನಾವು ಕಾಲುವೆ ಬಾಲ, ಅಲ್ಲಿಂದ ನೋಡಿದ್ರೆ ನಾವೇ ಮೇಲಿನ ತೋಟದೋರು.

ಇಷ್ಟೆಲ್ಲ ತಲೆಲಿಟ್ಕೊಂಡು ಹುಡುಗಂಗೆ ಮೆಸೇಜ್ ಹಾಕ್ದೆ: ಬೆಟ್ಟದ ಫೋಟೋ ಸಾಕು, ಕಾಲುವೆ ಫೋಟೋ ಕಳ್ಸು, ಮೇಲೆ ಯಾರಿದಾರೆ ಕೇಳು. ನಿನ್ನೆ ಶನಿವಾರ ನಾನು ಊರಲ್ಲಿದ್ದಾಗ ಫೋಟೋ ಬಂತು. ತಗೊಳ್ಳೋದಂತೂ ಸುಳ್ಳು, ಆದ್ರೂ ಪಾಪ ಹೋಗಿ ನೋಡ್ಕೊಂಡು ಬಂದಿದಾನೆ. ಕಾಲುವೆಗೆ ಅಡ್ಡ ಕಬ್ಬಿಣದ ಹಲಗೆ, ಮೇಲೆ ತಿರುಗಿಸೋಕೆ ಒಂದು ಚಕ್ರ, ಚಕ್ರಕ್ಕೆ ಸರಪಳಿ ಸುತ್ತಿ ದಪ್ಪನೆ ಬೀಗ. ಕಾಲುವೆ ಮೇಲೆ ಓಡಾಡ್ಕೊಂಡು ಪಾಳಿ ನೋಡೋಕೆ ಅಲ್ಲೂ ಒಬ್ಬ ಮನುಷ್ಯ ಇದಾನಂತೆ, ಜೀಪಲ್ಲಿ ಬರ್ತಾನಂತೆ.

ಅಮ್ಮ ಕನ್ನಡಕ ಹಾಕ್ಕೊಂಡು ಫೋಟೋ ದೊಡ್ಡದು ಮಾಡಿ ಮಾಡಿ ನೋಡಿದ್ರು.

"ತೂಬಿಗೆ ಬೀಗ ಹಾಕಿದಾರಲ್ಲೋ. ಕೀ ಯಾರ ಹತ್ರ ಇರುತ್ತೆ ಕೇಳು."

ಕೇಳಿದೀನಿ, ಇನ್ನೂ ರಿಪ್ಲೈ ಬಂದಿಲ್ಲ. ಆಗ ಇಲ್ಲಿ ಹತ್ತು ಗಂಟೆ ಆಗಿತ್ತು, ಸನಿಕೆ ತಗೊಂಡು ಹೊರಟೆ.